ಸ್ನೋ, ಬಿಸಿಲು ಮತ್ತು ಬಂಗು

ಮುಂಬಯಿ ನಗರವು ಭೂಮಧ್ಯರೇಖೆಗೆ ಉತ್ತರದಲ್ಲಿ ಸುಮಾರು 19ನೆಯ ಅಕ್ಷಾಂಶದ ಮೇಲಿರುವುದರಿಂದ ಸೂರ್ಯನು ವರ್ಷಕ್ಕೆ ಎರಡು ಸಲ, ಮೇ ತಿಂಗಳ ನಡುವಿನಲ್ಲೊಮ್ಮೆ ಜುಲೈ ತಿಂಗಳ ಕೊನೆಯಲ್ಲೊಮ್ಮೆ, ಅದರ ನೆತ್ತಿಯ ಮೇಲೆ ನೇರವಾಗಿ ಬಂದು ನಿಲ್ಲುತ್ತಾನೆ. ಎರಡನೆಯ ಸಲ ಮಳೆಗಾಲದ ಮೋಡಗಳು ಅಡ್ಡವಾಗುವುದರಿಂದ ಅವನ ಇರವು ಯಾರಿಗೂ ತಿಳಿಯದೆ ಹೋದೀತು. ಮೊದಲನೆಯ ಸಲದ ಪ್ರತಾಪವನ್ನಾದರೋ ವಡಾಲ, ಭಾಂಡುಪ್, ಮುಲುಂಡ್‌ಗಳ ಉಪ್ಪಿನಾಗರಗಳಲ್ಲಿ ದುಡಿದವರೂ, ಮಹಾಲಕ್ಷ್ಮಿಯ ಧೋಬಿಘಾಟಿನಲ್ಲಿ ಬಟ್ಟೆ ಒಗೆದವರೂ, ಆಜಾದ್ ಮೈದಾನದಲ್ಲಿ ಹಗಲೆಲ್ಲ ಚೆಂಡಿನ ಹಿಂದೆ ಓಡಿದ ಹುಡುಗರೂ ಚೆನ್ನಾಗಿ ಬಲ್ಲರು. ಇಂತಹ ಊರಿನಲ್ಲಿ, ಬಹುಮಟ್ಟಿಗೆ ಶ್ಯಾಮವರ್ಣದವರೇ ಆದ ಜನರು, ಬಿಸಿಲಿನಿಂದ ಚರ್ಮವನ್ನು ಕಾಯುವ ಲೇಪವನ್ನು ಬಿಳಿಯರಿಗಾಗಿ ಹುಟ್ಟಿದ ಪದಾರ್ಥವೆಂದೋ, ತಾವು ಬೆಳ್ಳಗಾಗುವುದಕ್ಕೆ ಒಂದು ಉಪಾಯವೆಂದೋ ಇಂದಿಗೂ ಭಾವಿಸುತ್ತಿರುವುದೇಕೆ ಎಂಬ ಪ್ರಶ್ನೆಗೆ ಉತ್ತರವನ್ನು ವೈದ್ಯಗ್ರಂಥಗಳಲ್ಲಿ ಅರಸುವುದಕ್ಕಿಂತ ಈ ನಗರದ ವಾಣಿಜ್ಯದ ಚರಿತ್ರೆಯಲ್ಲಿ ಅರಸುವುದೇ ಲೇಸು.

ಆಂಗ್ಲರ ಆಳ್ವಿಕೆಯಲ್ಲಿ ಬಿಸಿಲಿನ ಭಯವೆಂಬುದು ಬಿಳಿಯರ ಸ್ವತ್ತಾಗಿದ್ದಿತು. ವಿಲಾಯತಿಯಿಂದ ಹೊರಟ ಅಧಿಕಾರಿಯು ದಾರಿಯಲ್ಲಿ ಪೋರ್ಟ್ ಸೈದಿನಲ್ಲಿ ಬೆಂಡಿನ ಟೋಪಿಯೊಂದನ್ನು ಕೊಂಡು, ಮುಂಬಯಿಯ ಬಂದರಿನಲ್ಲಿ ಇಳಿಯುವಾಗ ಅದನ್ನು ತಲೆಗೇರಿಸಿ, ಸೇವೆ ಮುಗಿಸಿ ಸ್ವದೇಶಕ್ಕೆ ಮರಳುವಾಗ ಹಡಗಿನಿಂದ ಕಡಲಿಗೆಸೆಯುವುದು ಒಂದು ಸಂಪ್ರದಾಯವೇ ಆಗಿತ್ತು. 1905ರಲ್ಲಿ ಅಮೆರಿಕದ ಸೇನಾವೈದ್ಯ ಚಾರ್ಲ್ಸ್ ವುಡ್ರಫ್ ಎಂಬಾತನು ಉಷ್ಣವಲಯದ ಬೆಳಕು ಬಿಳಿಯರ ನರಮಂಡಲವನ್ನೇ ಕೆಡಿಸುವುದೆಂದು ವಾದಿಸಿ ದೊಡ್ಡ ಗ್ರಂಥವನ್ನು ಬರೆದನು. ಇಂತಹ ವಾದಗಳನ್ನು ನಂಬಿ ಫಿಲಿಪೈನ್ಸಿನಲ್ಲಿದ್ದ ಸೈನಿಕರಿಗೆ ಕಿತ್ತಳೆಗೆಂಪು ಬಣ್ಣದ ಒಳಉಡುಪನ್ನು ತೊಡಿಸಿ ನೋಡಿದುದೂ ಉಂಟು, ಸೆಕೆ ಹೆಚ್ಚಿತೇ ಹೊರತು ಬೇರೆ ಫಲವೇನೂ ದೊರೆಯಲಿಲ್ಲ. ಎರಡನೆಯ ಮಹಾಯುದ್ಧದ ವೇಳೆಗೆ ಸೈನ್ಯವೂ ಬೆಂಡಿನ ಟೋಪಿಯನ್ನು ಕೈಬಿಟ್ಟಿತು. ಆದರೆ ಆ ಶಾಸ್ತ್ರದ ಇನ್ನೊಂದು ಮಗ್ಗುಲು, ಎಂದರೆ ಕಪ್ಪುಮೈಯವನಿಗೆ ಸೂರ್ಯನಿಂದ ಯಾವ ಕೇಡೂ ಇಲ್ಲವೆಂಬ ನಂಬಿಕೆಯು, ಆಳಿದವರು ಹೋದ ಮೇಲೂ ಆಳಿಸಿಕೊಂಡವರ ಮನಸ್ಸಿನಲ್ಲಿ ಉಳಿದುಕೊಂಡಿತು.

ಇತ್ತ ಈ ನಗರದ ವರ್ತಕರು ಕಪ್ಪುಮೈಯ ಬಳಿಗೆ ಬಂದುದು ಬೇರೆಯೇ ದಾರಿಯಿಂದ. 1919ರಲ್ಲಿ ಇಬ್ರಾಹೀಮ್ ಸುಲ್ತಾನಲಿ ಪಟನ್‌ವಾಲಾ ಎಂಬವರು ಮುಂಬಯಿಯಲ್ಲಿ ‘ಅಫಘಾನ್ ಸ್ನೋ’ ಎಂಬ ಮುಖಲೇಪವನ್ನು ತಯಾರಿಸಿ ಮಾರಾಟಕ್ಕಿಟ್ಟರು. ಅಫಘಾನಿಸ್ತಾನದ ದೊರೆಯೊಬ್ಬನು ಆ ಬಿಳಿಯ ಲೇಪವನ್ನು ಕಂಡು ತನ್ನ ನಾಡಿನ ಹಿಮವನ್ನು ನೆನೆದನೆಂದೂ, ಹೆಸರು ಅದರಿಂದಲೇ ಬಂದಿತೆಂದೂ ಒಂದು ಐತಿಹ್ಯವಿದೆ. ವ್ಯಾಪಾರಕ್ಕೆ ಒಪ್ಪುವ ಐತಿಹ್ಯವಾದುದರಿಂದ ಅದನ್ನು ಕೆದಕುವ ಅವಶ್ಯಕತೆಯಿಲ್ಲ. ಸ್ಟಿಯರಿಕ್ ಆಮ್ಲಕ್ಕೆ ಅಲ್ಪಸ್ವಲ್ಪ ಕ್ಷಾರವನ್ನು ಕೂಡಿಸಿ, ಗ್ಲಿಸರಿನ್ನನ್ನೂ ನೀರನ್ನೂ ಬೆರೆಸಿ ಕಡೆದರೆ ಮುತ್ತಿನ ಹೊಳಪಿನ ಬೆಳ್ಳನೆಯ ಮುದ್ದೆ ದೊರೆಯುತ್ತದೆ, ಅದನ್ನು ಕೆನ್ನೆಗೆ ತಿಕ್ಕಿದರೆ ಕ್ಷಣದಲ್ಲಿ ಕಾಣದಂತಾಗುತ್ತದೆ: ಆ ಕಾಲದ ಸ್ನೋಗಳ ಸಾಮಾನ್ಯ ರಹಸ್ಯವು ಇಷ್ಟೇ. ಸೂರ್ಯನ ನೇರಳಾತೀತ ಕಿರಣವನ್ನು ತಡೆಯುವ ಶಕ್ತಿಯು ಅಂತಹ ಮುದ್ದೆಗೆ ಇರಲಿಲ್ಲ. ತಡೆಯುತ್ತದೆಂದು ಕೊಂಡವರೂ ಭಾವಿಸಿರಲಿಲ್ಲ. ಮುಂಬಯಿಯಿಂದ ರಜೆಯಲ್ಲಿ ಊರಿಗೆ ಬರುತ್ತಿದ್ದ ಹೋಟೆಲು ನೌಕರರ ಟ್ರಂಕಿನಲ್ಲಿ ಸೆಂಟು ಸೋಪುಗಳೊಡನೆ ಸ್ನೋ ಪೌಡರುಗಳೂ ಕನ್ನಡ ಜಿಲ್ಲೆಯ ಮನೆಗಳನ್ನು ಸೇರಿ, ಮದುವೆಗೆ ಹೊರಟ ಹೆಂಗಸರ ಮುಖದ ಮೇಲೆ ನಾಗರಿಕತೆಯ ಲಕ್ಷಣವಾಗಿ ಶೋಭಿಸುತ್ತಿದ್ದುವು.

ನಮ್ಮ ಕಥೆಗೆ ನಿರ್ಣಾಯಕವಾದುದು 1975. ಮುಂಬಯಿಯನ್ನು ಕೇಂದ್ರವಾಗಿ ಉಳ್ಳ ಹಿಂದೂಸ್ತಾನ್ ಲೀವರ್ ಸಂಸ್ಥೆಯು ಆ ವರ್ಷ ‘ಫೇರ್ ಅಂಡ್ ಲವ್ಲಿ’ಯನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಚರ್ಮದ ವರ್ಣಕಣಗಳು ಮೇಲಣ ಪದರಕ್ಕೆ ಏರದಂತೆ ತಡೆಯುವ ನಯಾಸಿನಮೈಡ್ ಎಂಬ ಜೀವಸತ್ವವೂ, ಅದರ ಜೊತೆಗೆ ಬಿಸಿಲನ್ನು ತಡೆಯುವ ದ್ರವ್ಯಗಳೂ ಇದ್ದುವು. ಇದು ವಿಚಾರಾರ್ಹವಾದ ಸಂಗತಿ: ಈ ದೇಶದ ಅಸಂಖ್ಯಾತ ಶ್ಯಾಮಲಾಂಗಿಯರು ಬಿಸಿಲಿನ ತಡೆಯನ್ನು ಮೊತ್ತಮೊದಲು ಮುಖಕ್ಕೆ ಹಚ್ಚಿಕೊಂಡುದು ತಾವು ಹಾಗೆ ಮಾಡುತ್ತಿರುವೆವೆಂದು ಅರಿಯದೆಯೇ, ವರನ ಕಡೆಯವರೂ ಕಛೇರಿಯ ಯಜಮಾನರೂ ಒಪ್ಪುವಂತೆ ಬಣ್ಣ ತಿಳಿಯಾಗಲೆಂಬ ಆಸೆಯಿಂದ. ರಕ್ಷಣೆಯು ಅವಮಾನದ ಬೆನ್ನೇರಿ ಬಂದಿತು. ಆದುದರಿಂದ ಆ ಅವಮಾನವನ್ನು ಧಿಕ್ಕರಿಸಿದ ಸ್ವಾಭಿಮಾನಿಗಳು ಜೊತೆಯಲ್ಲೇ ರಕ್ಷಣೆಯನ್ನೂ ತಿರಸ್ಕರಿಸಿದರೆ ಅದರಲ್ಲಿ ಆಶ್ಚರ್ಯಪಡತಕ್ಕುದೇನೂ ಇಲ್ಲ.

ಅದೇ 1975ರಲ್ಲಿ ಬಾಸ್ಟನ್ನಿನ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ ಎಂಬ ಚರ್ಮವೈದ್ಯನು ಬಿಸಿಲಿಗೆ ಸುಡುವ ಮತ್ತು ಕಂದುವ ರೀತಿಯನ್ನನುಸರಿಸಿ ಚರ್ಮವನ್ನು ವರ್ಗಗಳಾಗಿ ವಿಂಗಡಿಸಿದನು. ಮೊದಲ ನಾಲ್ಕೂ ಬಿಳಿಯರವೇ ಆಗಿದ್ದುವು, ಕಂದು ಕಪ್ಪುಗಳಿಗೆ ಐದನೆಯ ಆರನೆಯ ಸ್ಥಾನಗಳು ದೊರೆತುದು ತರುವಾಯ. ಸೋರಲೆನ್ ಎಂಬ ಔಷಧವನ್ನು ಕೊಟ್ಟು ನೇರಳಾತೀತ ಕಿರಣದಿಂದ ಚರ್ಮರೋಗವನ್ನು ಗುಣಪಡಿಸುವಾಗ ಕಿರಣದ ಪ್ರಮಾಣವನ್ನು ನಿಶ್ಚಯಿಸಲು ಅವನಿಗೆ ಈ ವಿಂಗಡಣೆ ಬೇಕಾಗಿತ್ತು. ಆ ಸೋರಲೆನ್ನಾದರೋ ನಮ್ಮ ಬಾಕುಚಿಯ ಬೀಜದಲ್ಲಿ ಇರುವಂಥದೇ. ತೊನ್ನಿನ ಕಲೆಗೆ ಬಾಕುಚಿಯನ್ನು ಲೇಪಿಸಿ ರೋಗಿಯನ್ನು ಬಿಸಿಲಿನಲ್ಲಿ ಕೂರಿಸುತ್ತಿದ್ದ ನಮ್ಮ ವೈದ್ಯರು, ಸೂರ್ಯನು ಚರ್ಮದ ಬಣ್ಣವನ್ನು ಬದಲಿಸಬಲ್ಲನೆಂಬುದನ್ನು ಯಾವ ಕೋಷ್ಟಕದ ನೆರವೂ ಇಲ್ಲದೆ ತಿಳಿದಿದ್ದರು.

ಹಾಗಾದರೆ ಕಪ್ಪುಮೈಗೆ ರಕ್ಷಣೆ ಬೇಕೆ? 1979ರಲ್ಲಿ ಅಮೆರಿಕದ ಸಂಶೋಧಕರು ಅಳೆದಂತೆ, ಕಪ್ಪು ಮೇಲ್ಚರ್ಮದ ಸಹಜ ರಕ್ಷಣಾಬಲವು (ಎಸ್‌ಪಿಎಫ್) ಸುಮಾರು 13, ಬಿಳಿಯದರದು 3ಕ್ಕಿಂತ ತುಸು ಹೆಚ್ಚು. ನಮ್ಮ ಕಂದುಮೈ ಇವೆರಡರ ನಡುವಿನದು. ಇದು ಅಲ್ಪವೇನಲ್ಲ, ಬಿಸಿಲಿನಿಂದ ಬರುವ ಚರ್ಮದ ಅರ್ಬುದವು ನಮ್ಮಲ್ಲಿ ವಿರಳವಾಗಿರುವುದು ಇದರಿಂದಲೇ. 1981ರಲ್ಲಿ ಅರ್ಬುದದಿಂದ ತೀರಿಕೊಂಡ ಗಾಯಕ ಬಾಬ್ ಮಾರ್ಲೆಯನ್ನು ಮುಂದಿಟ್ಟು ಕಪ್ಪುಜನರನ್ನು ಹೆದರಿಸುವವರು, ಅವನ ರೋಗವು ಕಾಲ್ಬೆರಳಿನ ಉಗುರಿನಡಿ ಹುಟ್ಟಿದುದೆಂಬುದನ್ನೂ, ಆ ಜಾತಿಯ ರೋಗಕ್ಕೆ ಬಿಸಿಲು ಕಾರಣವಲ್ಲವೆಂಬುದನ್ನೂ ಮರೆಯುತ್ತಾರೆ. ಇಂತಹ ಉತ್ಪ್ರೇಕ್ಷೆಯಿಂದ ಒಳ್ಳೆಯ ವಾದವೂ ಕೆಡುತ್ತದೆ.

ನಿಜವಾದ ವಾದವು ಬೇರೆ. ಮೆಲನಿನ್ ಎಂಬ ಯಾವ ವರ್ಣದ್ರವ್ಯವು ನಮ್ಮನ್ನು ಕಾಯುತ್ತದೆಯೋ ಅದೇ ಕೆರಳಿದಾಗ ಕಲೆಯಾಗಿ ನಿಲ್ಲುತ್ತದೆ. ಬಸುರಿನ ಕಾಲದಲ್ಲಿಯೂ ಆ ಬಳಿಕವೂ ಕೆನ್ನೆ ಹಣೆಗಳ ಮೇಲೆ ಹರಡುವ ಬಂಗು ಬಿಳಿಯರಿಗಿಂತ ಕಂದುಮೈಯವರಲ್ಲಿ ಹೆಚ್ಚು. ಮೊಡವೆ ಆರಿದ ಮೇಲೆ ಉಳಿಯುವ ಕಪ್ಪೂ ಹಾಗೆಯೇ. ಬಿಸಿಲಿಗೆ ಒಡ್ಡಿದಷ್ಟೂ ಅವು ಗಾಢವಾಗುತ್ತವೆ. ನೇರಳಾತೀತ ಕಿರಣಗಳಲ್ಲಿ ಒಂದು ಬಗೆಯು ಗಾಜನ್ನೂ ದಾಟಿ ಬರುವುದರಿಂದ ಕಿಟಕಿಯ ಬಳಿ ಕುಳಿತ ಗುಮಾಸ್ತನೂ ಪೂರ್ಣ ಸುರಕ್ಷಿತನಲ್ಲ. 2010ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆಯಿಂದ, ಕಣ್ಣಿಗೆ ಕಾಣುವ ಸಾಧಾರಣ ಬೆಳಕೂ ಕಪ್ಪುಚರ್ಮವನ್ನು ಬಹುಕಾಲ ಕಂದಿಸಬಲ್ಲುದೆಂದೂ, ಬಿಳಿಚರ್ಮದಲ್ಲಿ ಹಾಗಾಗದೆಂದೂ ತಿಳಿದುಬಂದಿತು. ಬಿಳಿಯರನ್ನು ಕಣ್ಮುಂದಿರಿಸಿ ರೂಪಿಸಿದ ಲೇಪಗಳು ಈ ಬೆಳಕನ್ನು ತಡೆಯುವುದು ತೀರ ಕಡಮೆ. ಅದಕ್ಕೆ ಕಾವಿಯ ಬಣ್ಣದ ಕಬ್ಬಿಣದ ಆಕ್ಸೈಡನ್ನು ಬೆರೆಸಿದ ಲೇಪವೇ ಬೇಕು. ಸತುವಿನ ಆಕ್ಸೈಡಿನ ಹಳೆಯ ಲೇಪವು ಕಪ್ಪುಮುಖದ ಮೇಲೆ ವಿಭೂತಿ ಬಳಿದಂತೆ ತೋರುತ್ತಿದ್ದುದರಿಂದ, ಕಾವಿಯ ಬೆರಕೆಯು ಈ ಸಂಕೋಚವನ್ನೂ ಒಮ್ಮೆಗೇ ಪರಿಹರಿಸುತ್ತದೆ.

ಉಪ್ಪಿನಾಗರದ ಕೂಲಿಯವನು ಎರಡು ಗಂಟೆಗೊಮ್ಮೆ ಈ ಲೇಪವನ್ನು ಹಚ್ಚಿಕೊಳ್ಳಲೆಂದು ನಾನು ಹೇಳುವುದಿಲ್ಲ. ಅವನಿಗೆ ಬೇಕಾದುದು ಅಗಲವಾದ ಟೋಪಿ, ತುಂಬುತೋಳಿನ ಅಂಗಿ, ನಡುಹಗಲಿನಲ್ಲಿ ನೆರಳು. ಆದರೆ ಬಂಗಿನಿಂದ ನೊಂದವರು, ತೊನ್ನಿನವರು, ಬಿಸಿಲನ್ನು ಸಹಿಸದ ರೋಗವುಳ್ಳವರು ತಮ್ಮ ಮೈಬಣ್ಣವನ್ನು ನೆಚ್ಚಿ ಕುಳಿತಿರಲಾಗದು. 2020ರ ಜುಲೈಯಲ್ಲಿ ‘ಫೇರ್ ಅಂಡ್ ಲವ್ಲಿ’ಯು ತನ್ನ ಹೆಸರಿನ ಮೊದಲ ಪದವನ್ನು ಕಳಚಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಹೆಸರು ಬದಲಾದರೂ ಔಷಧದಂಗಡಿಯ ಕಪಾಟು ಬದಲಾಗಲಿಲ್ಲ: ಬಂಗಿಗೆಂದು ಚರ್ಮವೈದ್ಯರು ಬರೆದುಕೊಟ್ಟ ಸನ್‌ಸ್ಕ್ರೀನಿನ ಚೀಟಿಯನ್ನು ಹಿಡಿದು ಬಂದ ಹೆಣ್ಣುಮಗಳಿಗೆ ಮಾಟುಂಗದ ಅಂಗಡಿಯವನು ಅದನ್ನು ತೆಗೆದುಕೊಡುವುದು ಇನ್ನೂ ಬಿಳುಪಿನ ಕ್ರೀಮುಗಳ ಸಾಲಿನಿಂದಲೇ, ಬಣ್ಣವೂ ತಿಳಿಯಾಗುತ್ತದೆಂಬ ಭರವಸೆಯೊಡನೆ.