ನಲ್ಲ ಎಂಬ ಸವಿಮಾತು
ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನ ಬೆಂಗಳೂರು ಕಾಳಗದಲ್ಲಿ ಮಡಿದ ವೀರನನ್ನು ನೆನೆಯುತ್ತದೆ. ನಗರದ ಹೆಸರು ಹಳೆಯ ಬರಹದಲ್ಲಿ ಮೊದಲು ಸಿಗುವುದು ಇಲ್ಲೇ. ವೀರಗಲ್ಲುಗಳ ಆ ಲೋಕಕ್ಕೆ ಒಪ್ಪುವ ಮಾತು ‘ಗಂಡ’. ಶೂರನೂ ಗಂಡನೇ, ಕೈಹಿಡಿದವನೂ ಗಂಡನೇ. ವಿಜಯನಗರದ ಅರಸರು ‘ಮೂರುರಾಯರ ಗಂಡ’ ಎಂಬ ಬಿರುದು ಹೊತ್ತದ್ದು ಮೊದಲ ಅರ್ಥದಲ್ಲಿ. ಮನಸ್ಸು ಮೆಚ್ಚಿ ಕರೆಯುವ ಹೆಸರು ಬೇರೆಯೇ ಇದೆ.

ಅದು ‘ನಲ್ಲ’.

‘ನಲ್’ ಎಂದರೆ ಒಳ್ಳೆಯದು. ನಲ್ನುಡಿ, ನಲ್ಮೆ ಇದೇ ಬಳಗದವು. ಒಳ್ಳೆಯವನು ನಲ್ಲ, ಒಳ್ಳೆಯವಳು ನಲ್ಲೆ. ಒಲವನ್ನು ಹೇಳಲು ಹೊರಟ ಕನ್ನಡ ಗುಣವನ್ನೇ ಹಿಡಿದುಕೊಂಡಿತು. ಹನ್ನೆರಡನೆಯ ಶತಮಾನದ ಶರಣರು ಈ ಸಲುಗೆಯನ್ನು ದೇವರವರೆಗೂ ಒಯ್ದರು. ಲಿಂಗವೇ ಪತಿ, ಶರಣ ಸತಿ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ವರಿಸಿದ್ದು ಎಲ್ಲರಿಗೂ ಗೊತ್ತು. ಆದರೆ ಉರಿಲಿಂಗದೇವ, ಗಜೇಶ ಮಸಣಯ್ಯ ಗಂಡಸರಾಗಿದ್ದೂ ಹೆಣ್ಣಿನ ದನಿಯಲ್ಲಿ ಮಾತಾಡಿದರು. ಮಸಣಯ್ಯನ ವಚನಗಳಲ್ಲಿ ಆ ಹೆಣ್ಣು ಗೆಳತಿಯ ಮುಂದೆ ವಿರಹ ತೋಡಿಕೊಳ್ಳುತ್ತಾಳೆ, ಕೂಟದ ಸುಖವನ್ನೂ ಮುಚ್ಚಿಡದೆ ಹೇಳುತ್ತಾಳೆ. ಭಕ್ತಿಗೆ ಇಷ್ಟು ಧೈರ್ಯದ ಮಾತು ಇನ್ನೆಲ್ಲಿ ಸಿಕ್ಕೀತು!

ವಧೂವರರ ಒಲವನ್ನು ಹಾಡುವ ಬೈಬಲಿನ ಪರಮಗೀತದ್ದೂ ಇದೇ ಹಾದಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ದುಡಿದು 1831ರಲ್ಲಿ ಇಡೀ ಬೈಬಲನ್ನು ಕನ್ನಡಕ್ಕೆ ತಂದಾಗ ಈ ವಧೂವರರೂ ಕನ್ನಡ ಕಲಿತರು. ವರ ಅವಳ ಕೂದಲನ್ನು ಬೆಟ್ಟದಿಂದ ಇಳಿಯುವ ಆಡಿನ ಹಿಂಡಿಗೆ ಹೋಲಿಸುತ್ತಾನೆ, ಹಲ್ಲನ್ನು ಆಗತಾನೆ ಮೈ ತೊಳೆದ ಕುರಿಗಳಿಗೆ. ಅವಳೂ ಸುಮ್ಮನಿರುವವಳಲ್ಲ; ತಲೆಯಿಂದ ಕಾಲಿನವರೆಗೆ ಅವನನ್ನು ಹೊಗಳುತ್ತಾಳೆ. ಕನ್ನಡ ಬೈಬಲ್ ಅವನನ್ನು ‘ಇನಿಯ’ ಎಂದಿತು. ‘ಇನಿ’ ಎಂದರೆ ಸಿಹಿ. ನಲ್ಲನ ಪಕ್ಕದಲ್ಲಿ ಕೂರಬಲ್ಲ ಮಾತೇ. ತಾನು ಕಪ್ಪಾದರೂ ಚೆಲುವೆ ಎಂದು ಆ ವಧು ತಲೆಯೆತ್ತಿ ಹೇಳುತ್ತಾಳೆ. ತೆಲುಗಿನಲ್ಲಿ ‘ನಲ್ಲ’ ಎಂದರೆ ಕಪ್ಪೇ.

ಎಲೆಕ್ಟ್ರಾನಿಕ್ ಸಿಟಿಯ ಕೆಲಸಕ್ಕೆ ಬಂದವರಿಂದ ತುಂಬಿರುವ ಇಂದಿನ ಬೇಗೂರಿನಲ್ಲಿ ‘ನಲ್ಲ’ ಎಂಬ ಸೊಲ್ಲು ದಿನವೂ ಕಿವಿಗೆ ಬೀಳುತ್ತದೆ, ಆದರೆ ತಮಿಳರ ಬಾಯಲ್ಲಿ. ಅವರಿಗೆ ಊಟವೂ ನಲ್ಲ, ಹುಡುಗನೂ ನಲ್ಲ. ಕನ್ನಡದ ಮನೆಗಳಲ್ಲಿ ಅದು ಹಾಡಿಗೆ, ಸಿನಿಮಾಕ್ಕೆ ಸರಿದಿದೆ. ಸುದೀಪ್ ನಟಿಸಿದ 2004ರ ಚಿತ್ರದ ಹೆಸರೇ ‘ನಲ್ಲ’. ಲಗ್ನಪತ್ರಿಕೆಯಲ್ಲಿ ವಧೂವರರು ಚಿ. ಸೌ., ಚಿ. ರಾ. ಮದುವೆಯಾದ ಮೇಲೆ ‘ರೀ’, ‘ಲೇ’. ಇಷ್ಟು ಒಳ್ಳೆಯ ಮಾತನ್ನು ಹಾಡಿಗಷ್ಟೇ ಬಿಟ್ಟುಕೊಡಬೇಕಾಗಿರಲಿಲ್ಲ.