ಥೈರಾಯ್ಡ್ ಗಂಟಿನ ಸೂಜಿ ಪರೀಕ್ಷೆ

ಕುತ್ತಿಗೆಯ ಮುಂಭಾಗದ ಥೈರಾಯ್ಡ್ ಗ್ರಂಥಿಯಲ್ಲಿ ಕಾಣಿಸಿಕೊಂಡ ಗಂಟು ಕ್ಯಾನ್ಸರೋ ಅಲ್ಲವೋ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಅಂದಾಜಿಸಲು, ಸೂಜಿಯಿಂದ ಜೀವಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ. ಎಫ್‌ಎನ್‌ಎಸಿ ಎಂದು ರೂಢಿಯಲ್ಲಿರುವ ಹೀರುವ ಕ್ರಮದಲ್ಲಿ 23ರಿಂದ 27 ಗೇಜಿನ ಸೂಜಿಯನ್ನು ಗಂಟಿನೊಳಗೆ ಹಿಂದೆಮುಂದೆ ಆಡಿಸುತ್ತ ಸಿರಿಂಜಿನಿಂದ ಎಳೆಯುತ್ತಾರೆ. ಹೀರದ ಕ್ರಮದಲ್ಲಿ ಏನನ್ನೂ ಎಳೆಯದೆ, ಬತ್ತಿಗೆ ಎಣ್ಣೆ ಏರುವಂತೆ ಕೋಶಗಳು ತಾವಾಗಿ ಸೂಜಿಯೊಳಕ್ಕೆ ಏರಲು ಬಿಡುತ್ತಾರೆ. ಥೈರಾಯ್ಡ್ ರಕ್ತನಾಳಗಳಿಂದ ತುಂಬಿದ ಗ್ರಂಥಿಯಾದ್ದರಿಂದ, ಬಲವಾಗಿ ಎಳೆದಷ್ಟೂ ಸ್ಲೈಡಿನ ಮೇಲೆ ರಕ್ತ ಹರಡಿ ಕೋಶಗಳು ಮರೆಯಾಗುವ ಸಂಭವ ಹೆಚ್ಚು. ಆದರೆ ನೀರು ತುಂಬಿದ ಗಂಟಿಗೆ ಹೀರುವ ಕ್ರಮವೇ ತಕ್ಕದ್ದು. ಮಾದರಿ ಪದೇಪದೇ ಸಾಲದೆ ಹೋದರೆ ದಪ್ಪ ಸೂಜಿಯಿಂದ ಅಂಗಾಂಶದ ಎಳೆಯನ್ನೇ ತೆಗೆಯುವುದುಂಟು. ಫಾಲಿಕ್ಯುಲರ್ ಎಂಬ ಬಗೆಯ ಗಡ್ಡೆ ಕ್ಯಾನ್ಸರೋ ಅಲ್ಲವೋ ಎಂಬುದು ಅದು ತನ್ನ ಹೊರಕವಚವನ್ನೋ ರಕ್ತನಾಳವನ್ನೋ ಭೇದಿಸಿದೆಯೇ ಎಂಬುದರಿಂದ ಮಾತ್ರ ಗೊತ್ತಾಗುವುದರಿಂದ, ಅದನ್ನು ಯಾವ ಸೂಜಿಯೂ ಖಚಿತವಾಗಿ ಹೇಳಲಾರದು.

ಸೂಜಿಯ ಕ್ರಮದ ಆಯ್ಕೆ ರೋಗಿಯ ಓಡಾಟಕ್ಕೂ ಸಂಬಂಧಿಸಿದೆ. ಉದಾಹರಣೆಗೆ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳು 1963ರಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಆರಂಭವಾದ ಬೆಳಗಾವಿಗೂ, ಗಡಿಯಾಚೆ ಹಳೆಯ ವಾನ್ಲೆಸ್ ಆಸ್ಪತ್ರೆಯಿರುವ ಮಿರಜಿಗೂ ನಡುವೆ ಇವೆ. ಮಾದರಿ ಸಾಲದೆಂದು ಮತ್ತೆ ಕರೆಸಿದರೆ ಇಲ್ಲಿನ ಕೂಲಿಕಾರರಿಗೆ ಇನ್ನೊಂದು ದಿನದ ದುಡಿಮೆ ಹೋಗುವುದರಿಂದ, ಹೀರುವ, ಹೀರದ ಎರಡೂ ಕ್ರಮಗಳನ್ನು ಒಂದೇ ಭೇಟಿಯಲ್ಲಿ ಬಳಸುವುದು ವಿವೇಕ. ಥೈರಾಯ್ಡ್ ಸೂಜಿ ಪರೀಕ್ಷೆಯ ವರದಿಗೆ ಬಳಸುವ ಬೆಥೆಸ್ಡಾ ವರ್ಗೀಕರಣದ ಪ್ರಕಾರ, ಮಾದರಿ ಸಾಕೆನಿಸಲು ಅದರಲ್ಲಿ ಸಾಮಾನ್ಯವಾಗಿ ತಲಾ ಕನಿಷ್ಠ 10 ಕೋಶಗಳ 6 ಗುಂಪುಗಳಾದರೂ ಇರಬೇಕು.