‘ಟೆಂಡರು’ ಶಬ್ದದ ಪೂರ್ವೋತ್ತರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ನಮ್ಮ ಸೀಮೆಯ ಜೀವನವು ತೆಂಗಿನ ಮರವನ್ನೇ ಆಶ್ರಯಿಸಿಕೊಂಡಿರುವುದೆಂಬುದು ವಾಚಕರಿಗೆ ವಿದಿತವಾದ ವಿಷಯವಷ್ಟೆ. ಇಲ್ಲಿ ಇಂಗ್ಲಿಷಿನ ಒಂದು ಶಬ್ದವು ನಾನಾ ವೇಷಗಳನ್ನು ಧರಿಸಿ ಸಂಚರಿಸುತ್ತಿದೆ. ಅದೇ ‘ಟೆಂಡರು’. ಎಳನೀರು ಕೊಳ್ಳಲು ಬರುವ ಲಾರಿಯವರಿಗೆ ಅದು ಎಳೆಯ ಕಾಯಿ. ಕೊಬ್ಬರಿಯ ಮಾರುಕಟ್ಟೆಯಲ್ಲಿ ವರ್ತಕನು ಸೂಚಿಸುವ ಬೆಲೆ. ಹಣದ ವಿಚಾರದಲ್ಲಿ ಕಾನೂನಿನಂತೆ ಸಲ್ಲತಕ್ಕ ನಾಣ್ಯ ಅಥವಾ ನೋಟು. 1889ರಲ್ಲಿ ಹರಿಹರವನ್ನು ಮುಟ್ಟಿದ ಬೆಂಗಳೂರಿನ ರೈಲುಮಾರ್ಗದಲ್ಲಿ ಉಗಿಯ ಎಂಜಿನುಗಳು ಓಡುತ್ತಿದ್ದ ಕಾಲದಲ್ಲಾದರೋ, ಎಂಜಿನಿನ ಬೆನ್ನಿಗೆ ಕಲ್ಲಿದ್ದಲನ್ನೂ ನೀರನ್ನೂ ಹೊತ್ತು ಬರುತ್ತಿದ್ದ ಗಾಡಿಗೂ ಇದೇ ಹೆಸರು. ಈ ಶಬ್ದದ ವಿಷಯವಾಗಿ ನಾನು ಮಾಡಿದ ಒಂದು ತಪ್ಪೇ ಈ ಲೇಖನಕ್ಕೆ ಕಾರಣ.

ಕನ್ನಡ, ಸಂಸ್ಕೃತಗಳ ಉಪಾಧ್ಯಾಯನಾಗಿದ್ದ ನಾನು, ಬೇರೆಯವರಿಲ್ಲದಾಗ ಇಂಗ್ಲಿಷ್ ಪಾಠವನ್ನೂ ಹೇಳಬೇಕಾಗುತ್ತಿತ್ತು. ಹಾಗೆ ಹೇಳುವಾಗ, ‘ಟೆಂಡರ್ ಎಂದರೆ ಎಳೆಯದು’ ಎಂದು ಮಕ್ಕಳಿಗೆ ಬರೆಯಿಸಿ ಕಂಠಪಾಠ ಮಾಡಿಸಿದ್ದೆ. ಆ ಮಕ್ಕಳಲ್ಲೊಬ್ಬನು ದೊಡ್ಡವನಾಗಿ ತೋಟವನ್ನು ನೋಡಿಕೊಂಡಿದ್ದನು. ಕೆಲವು ವರ್ಷಗಳ ಹಿಂದೆ ಅವನು ಮಾರುಕಟ್ಟೆಗೆ ಕೊಬ್ಬರಿ ತಂದಾಗ ಇಂಗ್ಲಿಷಿನಲ್ಲಿ ಅಚ್ಚಾದ ಚೀಟಿಯೊಂದು ಕೈಗೆ ಬಂತು. ಅದರಲ್ಲಿ ತನ್ನ ಹೆಸರಿನ ಮುಂದೆ ‘ಟೆಂಡರ್’ ಎಂದಿರುವುದನ್ನು ಕಂಡು, ತನ್ನ ಕೊಬ್ಬರಿಯನ್ನು ಎಳಸೆಂದು ತಳ್ಳಿಹಾಕಿದರೆಂದೇ ಅವನು ಬಗೆದನು. ಸಿಪ್ಪೆಸಹಿತವಾಗಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿದ್ದು, ಒಳಗಿನ ನೀರೆಲ್ಲ ಇಂಗಿ, ಅಲುಗಿಸಿದರೆ ಕರಟದೊಳಗೆ ಉಂಡೆ ಉರುಳುವ ಸದ್ದು ಬರುವಷ್ಟು ಒಣಗಿದ ಕೊಬ್ಬರಿಯದು! ಮಾನಕ್ಕೆ ಅಂಜಿ ಯಾರನ್ನೂ ಕೇಳದೆ, ಹೊರಗಿನವನೊಬ್ಬನಿಗೆ ಕಡಮೆ ಬೆಲೆಗೆ ಕೊಟ್ಟು ಬಂದನು. ಆಮೇಲೆ ನನ್ನ ಮನೆಯ ಜಗಲಿಯ ಮೇಲೆ ಕುಳಿತು, ‘ಮೇಷ್ಟ್ರೇ, ತಾವು ಹೇಳಿಕೊಟ್ಟದ್ದು ಸರಿಯಾಗಿಯೇ ನೆನಪಿತ್ತು’ ಎಂದನು. ಅವನು ಅದನ್ನು ನಿಷ್ಠೂರವಾಗಿ ಆಡಲಿಲ್ಲ. ಆದುದರಿಂದಲೇ ಅದು ನನ್ನನ್ನು ಹೆಚ್ಚಾಗಿ ನೋಯಿಸಿತು.

ಇದಾದ ಮೇಲೆ ಆ ಶಬ್ದದ ಕುಲಗೋತ್ರಗಳನ್ನು ವಿಚಾರಿಸಿದೆನು. ಕಿವಿಗೆ ಒಂದೇ ಆಗಿ ಕೇಳುವ ಇದು ವಾಸ್ತವದಲ್ಲಿ ಒಂದೇ ಶಬ್ದವಲ್ಲ. ಎಳೆಯದು, ಮೃದುವಾದುದು ಎಂಬರ್ಥದ ‘ಟೆಂಡರ್’ ಲ್ಯಾಟಿನ್ ಭಾಷೆಯ ‘ತೆನೆರ್’ ಎಂಬುದರಿಂದ ಬಂದುದು. ಬೆಲೆಯನ್ನು ಸೂಚಿಸುವ ‘ಟೆಂಡರ್’ ಆದರೋ ‘ತೆಂದೆರೆ’ ಎಂಬ ಬೇರೊಂದು ಶಬ್ದದ ಸಂತಾನ. ಅದಕ್ಕೆ ಚಾಚು, ಮುಂದೊಡ್ಡು ಎಂದರ್ಥ. ಎರಡೂ ಫ್ರೆಂಚ್ ಭಾಷೆಯ ಮೂಲಕ ಸಾಗಿ ಬಂದು ಇಂಗ್ಲಿಷಿನಲ್ಲಿ ಏಕರೂಪವನ್ನು ತಾಳಿದುವು. ರೈಲಿನ ಟೆಂಡರು, ಜತೆಗಿದ್ದು ಉಪಚರಿಸು ಎಂಬರ್ಥದ ಕ್ರಿಯಾಪದದಿಂದ ಹುಟ್ಟಿದುದು. ಅದರ ಮೂಲದಲ್ಲಿಯೂ ‘ತೆಂದೆರೆ’ಯೇ ಇದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದವೆಂದು ಸರ್ ವಿಲಿಯಂ ಜೋನ್ಸರು 1786ರಲ್ಲಿ ಕಲ್ಕತ್ತೆಯಲ್ಲಿ ಸಾರಿದರಷ್ಟೆ. ಅದರಂತೆ, ವಿಸ್ತಾರಾರ್ಥದ ನಮ್ಮ ‘ತನ್’ ಧಾತುವೂ ಈ ‘ತೆಂದೆರೆ’ಯೂ ದಾಯಾದಿಗಳು. ತಂತು, ತಂತ್ರ, ಸಂತಾನ ಮೊದಲಾದುವು ಆ ಧಾತುವಿನವೇ.

ಇಂತಹ ಸಂಗಮವು ಕನ್ನಡದಲ್ಲಿಯೂ ನಡೆದಿರುವುದು ವಿಸ್ಮಯಕರವಾಗಿದೆ. ಇಂದು ‘ಎಳೆ’ ಎಂದರೆ ಕೋಮಲವಾದುದು, ಸೆಳೆಯುವುದೂ ‘ಎಳೆ’ಯೇ, ನೂಲಿನದೂ ‘ಎಳೆ’ಯೇ. ಹಳಗನ್ನಡದಲ್ಲಿ ಇವು ಬೆರೆತಿರಲಿಲ್ಲ. ಕೋಮಲಾರ್ಥದ ಶಬ್ದಕ್ಕೆ ಳಕಾರ. ಸೆಳೆಯುವ, ನೂಲಿನ ಅರ್ಥಗಳಲ್ಲಿ ‘ಎೞೆ’ ಎಂದು ೞಕಾರ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಈ ೞಕಾರವನ್ನು ವಿಶೇಷವಾಗಿ ವಿವೇಚಿಸಿರುವನು, 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು ಈ ಭೇದವನ್ನು ಉಳಿಸಿಕೊಂಡಿದೆ. ಅಕ್ಷರವು ಬಳಕೆ ತಪ್ಪಿದ ಮೇಲೆ ಶಬ್ದಗಳು ಒಂದರೊಳಗೊಂದು ಸೇರಿಹೋದುವು. ಇಂಗ್ಲಿಷಿನ ಗೊಂದಲವನ್ನು ಹಳಿಯುವುದಕ್ಕೆ ನಮಗೆ ಅಧಿಕಾರವಿಲ್ಲ.

ಇನ್ನು ಸಮಾನಾರ್ಥಕ ಶಬ್ದಗಳ ವಿಚಾರ. ‘ಹರಾಜು’ ಎಂಬುದು ಅರಬ್ಬಿಯಿಂದ ಬಂದುದು. ‘ಲಿಲಾವು’, ಕರಾವಳಿಯ ‘ಏಲಂ’ ಇವೆರಡೂ ಪೋರ್ಚುಗೀಸರ ‘ಲೆಯ್ಲಾವ್’ ಎಂಬುದರ ರೂಪಾಂತರಗಳು. ‘ಸವಾಲು’ ಅರಬ್ಬಿಯಲ್ಲಿ ಪ್ರಶ್ನೆ. ನಮ್ಮ ಹರಾಜಿನಲ್ಲಿ ಕೂಗಿದ ಬೆಲೆ. ಇವೆಲ್ಲ ಬಹಿರಂಗ ವ್ಯಾಪಾರದ ಮಾತುಗಳು. ಒಬ್ಬನು ಕೂಗಿದುದನ್ನು ಎಲ್ಲರೂ ಕೇಳುವರು. ದೇಶದ ಅನೇಕ ಸಂತೆಗಳಲ್ಲಿ ವಸ್ತ್ರದ ಮರೆಯಲ್ಲಿ ಬೆರಳುಗಳನ್ನು ಹಿಡಿದು ಬೆಲೆ ಕಟ್ಟುವ ಪದ್ಧತಿಯೂ ಇತ್ತು. ಅಲ್ಲಿ ಮಾಲಿನ ಒಡೆಯನಿಗೇ ಏನು ನಡೆಯಿತೆಂದು ತಿಳಿಯದೆ ಹೋಗಬಹುದಾಗಿತ್ತು. ಇಂತಹ ಅನ್ಯಾಯಗಳನ್ನು ತಡೆಯಲು ಮೈಸೂರು ಸಂಸ್ಥಾನದಲ್ಲಿ 1939ರ ಮಾರುಕಟ್ಟೆ ಕಾಯಿದೆಯೂ, ಅನಂತರ 1966ರ ಕಾಯಿದೆಯೂ ಬಂದುವು. ಟೆಂಡರಿನಲ್ಲಾದರೋ ಪ್ರತಿಯೊಬ್ಬ ವರ್ತಕನೂ ಇನ್ನೊಬ್ಬನಿಗೆ ತಿಳಿಯದಂತೆ ತನ್ನ ಬೆಲೆಯನ್ನು ನಮೂದಿಸುವನು. ಆಮೇಲೆ ಎಲ್ಲಕ್ಕಿಂತ ಹೆಚ್ಚಿನದು ಪ್ರಕಟವಾಗುವುದು. 2014ರಿಂದೀಚೆಗೆ ನಮ್ಮ ರಾಜ್ಯದ ಮಾರುಕಟ್ಟೆಗಳಲ್ಲಿ ಈ ಕೆಲಸವು ಗಣಕಯಂತ್ರದ ಮೂಲಕ ನಡೆಯತೊಡಗಿತು.

ಆದರೆ ಹೆಚ್ಚಿನ ಬೆಲೆ ಪ್ರಕಟವಾದ ಮಾತ್ರಕ್ಕೆ ವ್ಯಾಪಾರವು ಮುಗಿದಂತಲ್ಲ. ಅದು ಕೊಳ್ಳುವವನ ಪ್ರಸ್ತಾಪ ಮಾತ್ರ. 1872ರ ಕರಾರು ಕಾಯಿದೆಯ ತತ್ತ್ವದಂತೆ, ಪ್ರಸ್ತಾಪವನ್ನು ಎದುರಿನವನು ಅಂಗೀಕರಿಸಿದಾಗಲೇ ಒಪ್ಪಂದವಾಗುವುದು. ಬೆಲೆ ಒಪ್ಪಿಗೆಯಾಗದಿದ್ದರೆ ಬೆಳೆಗಾರನು ‘ಒಲ್ಲೆ’ನೆನ್ನಬಹುದು. ನಮ್ಮ ರೈತರೆಲ್ಲರೂ ತಿಳಿದಿರಬೇಕಾದ ಅರ್ಥವೆಂದರೆ ಇದೇ. ನನ್ನ ಶಿಷ್ಯನಿಗೆ ನಾನು ಕಲಿಸದೆ ಬಿಟ್ಟುದೂ ಇದನ್ನೇ.

ಹಾಗಾದರೆ ಕನ್ನಡದಲ್ಲಿ ಇದಕ್ಕೆ ಸರಿಯಾದ ಮಾತು ಯಾವುದು? ನಮ್ಮ ‘ನೀಡು’ ಎಂಬ ಧಾತುವನ್ನು ನೋಡಿರಿ. ಅದಕ್ಕೆ ಮೊದಲು ಚಾಚು ಎಂಬರ್ಥ. ಅದರಿಂದಲೇ ಕೊಡು ಎಂಬರ್ಥ. ಲ್ಯಾಟಿನ್ನಿನ ಶಬ್ದವು ನಡೆದ ದಾರಿಯಲ್ಲಿಯೇ ನಮ್ಮ ಶಬ್ದವೂ ತಾನಾಗಿ ನಡೆದಿದೆ. ‘ನೀಡುಬೆಲೆ’ ಎಂದರೆ ಹಳ್ಳಿಯವರಿಗೂ ತಿಳಿಯಲಾರದೆ? ಪಂಡಿತರು ಒಪ್ಪಿದರೆ ಸಂತೋಷ, ಒಪ್ಪದಿದ್ದರೂ ಚಿಂತೆಯಿಲ್ಲ. ‘ಟೆಂಡರು’ ಎಂಬುದೇ ಉಳಿಯಲಿ. ಅದರ ಅರ್ಥವು ಮಾತ್ರ ಮನೆಮನೆಗೂ ತಿಳಿಯಲಿ. ನಮ್ಮವರ ‘ಕೊಬ್ಬರಿ’ಯ ಸೋದರಶಬ್ದವೊಂದು ಮಲೆಯಾಳದಿಂದ ಪೋರ್ಚುಗೀಸರ ಹಡಗನ್ನೇರಿ ಇಂಗ್ಲಿಷನ್ನು ಸೇರಿ ‘ಕೊಪ್ರ’ವೆನಿಸಿಕೊಂಡಿದೆ, ಶಬ್ದಗಳ ಕೊಡುಕೊಳೆಯಲ್ಲಿ ನಾಚಿಕೆಗೆ ಕಾರಣವಿಲ್ಲ.

ಆ ದಿನ ಜಗಲಿಯಲ್ಲಿ ನನ್ನ ಶಿಷ್ಯನಿಗೆ ಇಷ್ಟನ್ನೂ ವಿವರಿಸಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಮೇಷ್ಟ್ರೇ, ಕೈ ಚಾಚಿದವರು ಅವರು, ಕೊಡುವುದೂ ಬಿಡುವುದೂ ನನಗೆ ಸೇರಿದ್ದು’ ಎಂದನು. ನಾನು ಬರೆಯಿಸಿದ್ದ ಅರ್ಥಕ್ಕಿಂತ ಅವನು ಹೇಳಿದ ಅರ್ಥವು ಮೇಲೆಂದು ಒಪ್ಪಿಕೊಂಡೆನು.